ದೀಪಸ್ತಂಭ ಕಟ್ಟಿದವರು

ಕೌಲಾಲಂಪುರದ ಆ ಸ್ಟುಡಿಯೋಗೆ ಕಾಲಿಟ್ಟ ಮೊದಲ ಬೆಳಿಗ್ಗೆಯೇ ವೆನಿಂಗ್‌ಳನ್ನು ಯಾರೋ ಗುಲಾಮಳೆಂದು ಕರೆದರು. ಅವಳ ಕಿವಿಗೆ ಬಿದ್ದದ್ದಂತೂ ಹಾಗೆ.

"ಹೊಸ ಬುಡಾಕ್ ಬಂದಿದೆ ನೋಡ್ರೋ," ಎಂದು ಕುರ್ಚಿಯಲ್ಲಿ ಹಿಂದಕ್ಕೊರಗಿಕೊಂಡೇ ಸಾರಿದವನು ಓಂಗ್ ಕಾ ಸೆಂಗ್. ಕತ್ತಿ, ಬಂದೂಕು, ಹಗ್ಗ, ಲಂಗರುಗಳನ್ನು ಕಂಪ್ಯೂಟರಿನಲ್ಲಿ ಮಾಡುವುದು ಅವನ ಕೆಲಸ, ಹೊಸದಾಗಿ ಬಂದವರ ಕಾಲೆಳೆಯುವುದು ಅವನ ಹವ್ಯಾಸ. ವೆನಿಂಗ್ ಬೆನ್ನಿನ ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತುಬಿಟ್ಟಳು. ಮೂಲೆಯ ಮೇಜಿನಿಂದ ಹೆಂಗಸೊಬ್ಬಳು ನಗುತ್ತಾ ಎದ್ದುಬಂದಳು.

"ನಿಮ್ಮ ಜಾವಾದಲ್ಲಿ ಆ ಮಾತಿಗೆ ಬೇರೆ ಅರ್ಥ ಅಲ್ವಾ? ಇಲ್ಲಿ ಬುಡಾಕ್ ಅಂದ್ರೆ ಹುಡುಗಿ, ಅಷ್ಟೇ. ಬಾ, ಒಳಗೆ ಬಾ. ನಾನು ಝುರಿನಾ. ಅಕ್ಕ ಅಂತ ಕರಿ. ಇವನನ್ನ ಏನು ಬೇಕಾದ್ರೂ ಕರಿ."

ಆ ದಿನದಿಂದ ಅವನು ಸೆಂಗಣ್ಣನಾದ, ಅವಳು ಝುರಿನಕ್ಕ.

ವೆನಿಂಗ್ ಮಲಾಂಗ್ ಊರಿನ ಪಾಲಿಟೆಕ್ನಿಕ್‌ನಲ್ಲಿ ಗೇಮುಗಳಿಗೆ ಚಿತ್ರ ಮಾಡುವ ವಿದ್ಯೆ ಓದುತ್ತಿದ್ದಳು. ಕೊನೆಯ ವರ್ಷ ಎಲ್ಲಾದರೂ ಕೆಲಸ ಮಾಡಿ ವರದಿ ಒಪ್ಪಿಸಬೇಕೆಂಬ ನಿಯಮ. ತರಗತಿಯ ಉಳಿದವರು ಜಕಾರ್ತಾ, ಬಾಂಡುಂಗ್ ಎಂದು ಹೋದರೆ, ಇವಳು ಯಾರಿಗೂ ಹೇಳದೆ ಸಮುದ್ರದಾಚೆಗೆ ಅರ್ಜಿ ಹಾಕಿ, ಕರೆ ಬಂದ ಮೇಲೆ ಅಪ್ಪನಿಗೆ ಹೇಳಿದ್ದಳು. ಹೊಲಿಗೆ ಯಂತ್ರ ರಿಪೇರಿ ಮಾಡುವ ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟು, "ಅಲ್ಲಿ ಏನು ಮಾಡಿಸ್ತಾರೆ?" ಎಂದು ಕೇಳಿದ್ದ.

"ಗೇಮು, ಅಪ್ಪ."

"ಇಡೀ ಗೇಮಾ?"

ಇಡೀ ಗೇಮಲ್ಲ ಎಂಬುದು ಅವಳಿಗೂ ಬಂದ ಮೇಲೆಯೇ ಸರಿಯಾಗಿ ಗೊತ್ತಾಯಿತು. ಆಡುವವರು ಇಂಥ ಗೇಮು ಕೆನಡಾದ್ದು, ಇಂಥದ್ದು ಜಪಾನಿನದು ಎಂದು ಹೇಳುತ್ತಿರುತ್ತಾರೆ. ಆದರೆ ಅದರೊಳಗೆ ನಾಯಕ ಹಾರುವ ಗೋಡೆ, ಒದ್ದು ಒಡೆಯುವ ಪೀಪಾಯಿ, ಅಡಗಿ ಕೂರುವ ಬಂಡೆ ಇವೆಲ್ಲ ತಯಾರಾಗುವುದು ಈ ಸ್ಟುಡಿಯೋ ಇದ್ದಂಥ ಒಂಬತ್ತನೇ ಮಹಡಿಗಳಲ್ಲಿ. ಮಾಂಟ್ರಿಯಲ್‌ನ ದೊಡ್ಡ ಕಂಪನಿಯೊಂದು ಸಮುದ್ರ ಉಕ್ಕಿ ಮುಳುಗಿದ ಊರುಗಳ ಕಥೆಯಿರುವ ಗೇಮು ಮಾಡುತ್ತಿತ್ತು. ಆ ಊರುಗಳ ಕಲ್ಲುಮಣ್ಣು ಇವರ ಪಾಲಿಗೆ ಬಂದಿತ್ತು. ವೆನಿಂಗ್ ಪಾಲಿಗೆ ಬರೀ ಕಲ್ಲು.

ಅವಳ ಮೊದಲ ಬಂಡೆ ಮಾಂಟ್ರಿಯಲ್ ಮುಟ್ಟಿ ಮೈತುಂಬ ಕೆಂಪು ಗೆರೆ ಹೊತ್ತು ಹಿಂದೆ ಬಂತು. ತಿದ್ದಿ ಕಳಿಸಿದಳು. ಮತ್ತೆ ಬಂತು. ಮೂರನೆಯ ಸಲ ಬಂದಾಗ ಸೆಂಗಣ್ಣ ಹಣಕಿ ನೋಡಿ, "ನಿನ್ನ ಕಲ್ಲಿಗೆ ಕೆನಡಾ ವೀಸಾ ಸಿಗ್ತಾ ಇಲ್ಲ ಅನ್ಸುತ್ತೆ," ಎಂದ. ವೆನಿಂಗ್ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಬಂದು ನೋಡಿದರೆ ಝುರಿನಾ ಅವಳ ಕುರ್ಚಿಯಲ್ಲಿ ಕೂತು ಬಂಡೆಯನ್ನು ಪರದೆಯ ಮೇಲೆ ತಿರುಗಿಸಿ ನೋಡುತ್ತಿದ್ದಳು.

"ಇದು ಚೆನ್ನಾಗಿದೆ ಕಣೆ. ಅದೇ ತಪ್ಪು. ನೀನು ಕಲ್ಲನ್ನ ಚೆಂದ ಮಾಡೋಕೆ ಹೊರಟಿದೀಯ. ಅದರ ಮೇಲೆ ಏನೇನು ನಡೆದಿದೆ ಅಂತ ಮೊದಲು ಕೇಳ್ಕೋ. ನೀರು ಯಾವ ಕಡೆಯಿಂದ ಹೊಡೀತಿತ್ತು? ಜನ ಎಲ್ಲಿ ಹತ್ತಿ ಇಳೀತಿದ್ರು? ದೋಣಿ ಎಲ್ಲಿ ಉಜ್ಜಿತು? ಅದಾದ್ಮೇಲೆ ಕೈ ಹಾಕು."

ಮುಂದಿನ ಬಂಡೆ ಒಂದೇ ಒಂದು ಕೆಂಪು ಗೆರೆಯಿಲ್ಲದೆ ಪಾಸಾಯಿತು. ಸೆಂಗಣ್ಣ ಕೆಳಗಿನ ಅಂಗಡಿಯಿಂದ ಒಂದು ಲೋಟ ತೆ ತಾರಿಕ್, ಇಲ್ಲಿನ ಹಾಲಿನ ಚಹಾ, ತಂದು ಅವಳ ಮೇಜಿನ ಮೇಲಿಟ್ಟು ಹೋದ. ನೊರೆ ಇನ್ನೂ ಇಳಿದಿರಲಿಲ್ಲ.

ಕಲ್ಲು ಕೈಗೆ ಹತ್ತಿತು, ಆದರೆ ಕಾಲೇಜಿನ ವರದಿಗೆ ಏನು ತೋರಿಸುವುದೆಂಬ ತಲೆನೋವು ಹತ್ತಿಕೊಂಡಿತು. ಮಾಡಿದ ಕೆಲಸವನ್ನು ಯಾರಿಗೂ ತೋರಿಸುವಂತಿಲ್ಲ, ಗೇಮಿನ ಹೆಸರೂ ಎತ್ತುವಂತಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದರು. "ಗೇಮು ಹೊರಗೆ ಬಂದ ಮೇಲಾದರೂ ನನ್ನ ಹೆಸರು ಇರುತ್ತಲ್ಲ, ಅದನ್ನ ತೋರಿಸ್ತೀನಿ," ಎಂದು ಅವಳು ಒಂದು ಮಧ್ಯಾಹ್ನ ಅಂದಾಗ ಮೇಜಿನ ಸುತ್ತ ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇಕೆಂದು ರಂಜಾನ್ ತಿಂಗಳಲ್ಲಿ ಅವಳಿಗೆ ತಿಳಿಯಿತು.

ಉಪವಾಸ ಬಿಡಲು ಝುರಿನಾ ಅವಳನ್ನು ಗೊಂಬಾಕ್‌ನ ತನ್ನ ಮನೆಗೆ ಕರೆದಿದ್ದಳು. ಖರ್ಜೂರ, ಗಂಜಿ, ಸಂಜೆಯ ಬಜಾರಿನಿಂದ ತಂದ, ಮಾಂಸ ತುಂಬಿದ ಮುರ್ತಬಾಕ್ ರೊಟ್ಟಿ ಎಲ್ಲ ಮುಗಿದು, ಗಂಡ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದ. ಮಗಳು ಅಲ್ಯಾ, ಎಂಟನೆಯ ತರಗತಿಯವಳು, ಟಿವಿಯ ಮುಂದೆ ಕೂತು ವಾರವೆಲ್ಲ ಆಡುತ್ತಿದ್ದ ಗೇಮಿನ ಕೊನೆಯ ರಾಕ್ಷಸನನ್ನು ಕೆಡವಿದಳು. ಪರದೆಯ ಮೇಲೆ ಹೆಸರುಗಳು ಹರಿಯತೊಡಗಿದವು.

"ಇದರಲ್ಲಿನ ಹಾಳು ಅರಮನೆ ನಿಮ್ಮಮ್ಮ ಮಾಡಿದ್ದು, ಗೊತ್ತಾ?" ಎಂದಳು ವೆನಿಂಗ್. ಆ ಗೇಮು ಮಾಂಟ್ರಿಯಲ್‌ನ ಅದೇ ಕಂಪನಿಯದು, ಆದರೆ ಹಳೆಯದು. ಅದರ ಬಗ್ಗೆ ಮನೆಯೊಳಗೆ ಮಾತಾಡಿದರೆ ತಪ್ಪಿರಲಿಲ್ಲ.

"ಗೊತ್ತು ಅಕ್ಕ. ಆದ್ರೆ ಸ್ಕೂಲಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಹೆಸರು ತೋರ್ಸು ಅಂತಾರೆ. ತೋರ್ಸೋಕೆ ಎಲ್ಲಿದೆ?"

ವೆನಿಂಗ್ ಪರದೆಯಿಂದ ಕಣ್ಣು ಕೀಳಲಿಲ್ಲ. ಲೆಕ್ಕ ಬರೆದವರ ಹೆಸರು, ವಕೀಲರ ಹೆಸರು, ಊಟ ಒದಗಿಸಿದವರ ಹೆಸರು ಹೋದವು. ಆಮೇಲೆ ಗೇಮು ತಯಾರಾಗುವ ಕಾಲದಲ್ಲಿ ಆ ಕಂಪನಿಯವರ ಮನೆಗಳಲ್ಲಿ ಹುಟ್ಟಿದ ಕೂಸುಗಳ ಹೆಸರು ಒಂದೊಂದಾಗಿ ಬಂದವು. ಪಕ್ಕದಲ್ಲಿ ಪುಟ್ಟ ಪುಟ್ಟ ಹೃದಯದ ಗುರುತು. ಕಚೇರಿಯ ನಾಯಿಯೊಂದರ ಹೆಸರೂ ಇತ್ತು. ತಮ್ಮ ಸ್ಟುಡಿಯೋದ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದು ಹೋಯಿತು. ಮನುಷ್ಯರ ಹೆಸರು ಒಂದೂ ಇರಲಿಲ್ಲ.

"ಅಕ್ಕ, ಇದುವರೆಗೆ ಎಷ್ಟು ಗೇಮಿಗೆ ಕೆಲಸ ಮಾಡಿದೀರ?"

"ಲೆಕ್ಕ ಬಿಟ್ಟು ಬಹಳ ದಿನ ಆಯ್ತು."

"ಒಂದರಲ್ಲೂ ಇಲ್ವಾ?"

"ಒಂದರಲ್ಲೂ ಇಲ್ಲ," ಎಂದು ಝುರಿನಾ ಮಗಳ ಕೈಯಿಂದ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದಳು. "ಚಹಾ ಕುಡೀತೀಯಾ?"

ಅದಾದ ವಾರವೇ ಮಾಂಟ್ರಿಯಲ್ ಜೊತೆ ವಿಡಿಯೋ ಮಾತುಕತೆ ಇತ್ತು. ಅಲ್ಲಿ ಸಂಜೆ, ಇಲ್ಲಿ ಬೆಳಿಗ್ಗೆ. ಆ ಕಡೆ ಕೂರುತ್ತಿದ್ದವಳು ಸೊಲಾಂಜ್, ಗೇಮಿನ ಇಡೀ ಚಿತ್ರಕೆಲಸದ ಯಜಮಾನಿ, ಕೆಂಪು ಗೆರೆ ಎಳೆಯುವ ಕೈ ಅವಳದೇ. ಈ ಕಡೆ ಸ್ಟುಡಿಯೋದ ಮಾಲೀಕ ದೇವರಾಜನ್ ಮತ್ತು ಝುರಿನಾ ಮಾತಾಡುವವರು. ಉಳಿದವರು ಮೈಕು ಮುಚ್ಚಿಕೊಂಡು ಕೇಳುವವರು. ಎಲ್ಲ ಮುಗಿದು ಸೊಲಾಂಜ್, "ಇನ್ನೇನಾದರೂ ಪ್ರಶ್ನೆ ಇದೆಯಾ?" ಎಂದು ವಾಡಿಕೆಯಂತೆ ಕೇಳಿದಳು. ವಾಡಿಕೆಯಂತೆ ಯಾರೂ ಏನೂ ಕೇಳಬಾರದಿತ್ತು.

ವೆನಿಂಗ್ ಮೈಕು ತೆರೆದಳು. ಹರುಕುಮುರುಕು ಇಂಗ್ಲಿಷಿನಲ್ಲೇ ಕೇಳಿದಳು. "ಗೇಮಿನ ಕೊನೆಯಲ್ಲಿ ನಮ್ಮ ಹೆಸರೂ ಬರುತ್ತಾ ಮೇಡಂ? ನಿಮ್ಮಲ್ಲಿ ಹುಟ್ಟಿದ ಮಕ್ಕಳ ಹೆಸರು ಹಾಕ್ತೀರಲ್ಲ, ಅದನ್ನ ನೋಡಿದೆ. ಅದಕ್ಕೇ ಕೇಳಿದೆ."

ಆ ಕಡೆ ಸೊಲಾಂಜ್‌ಳ ಮುಖ ಪರದೆಯಲ್ಲಿ ಹಾಗೇ ನಿಂತುಬಿಟ್ಟಿತು. ಇಂಟರ್ನೆಟ್ ಕೈಕೊಟ್ಟಿತೇನೋ ಎಂದು ಎಲ್ಲರೂ ಅಂದುಕೊಂಡರು. ಕೈಕೊಟ್ಟಿರಲಿಲ್ಲ. "ವಿಚಾರಿಸಿ ಹೇಳುತ್ತೇನೆ," ಎಂದಷ್ಟೇ ಹೇಳಿ ಅವಳು ಹೋದಳು.

ದೇವರಾಜನ್ ಕೂಗಾಡುವ ಮನುಷ್ಯನಲ್ಲ. ವೆನಿಂಗ್‌ಳನ್ನು ಕೋಣೆಗೆ ಕರೆದು ಕೂರಿಸಿ ಮೆತ್ತಗೆ ಮಾತಾಡಿದ. ಅದೇ ಹೆಚ್ಚು ಚುಚ್ಚಿತು.

"ಈ ಕೆಲಸ ನಮಗೆ ಬೇಡ ಅಂದ್ರೆ ತಗೊಳ್ಳೋಕೆ ವಿಯೆಟ್ನಾಂನಲ್ಲಿ, ಚೀನಾದಲ್ಲಿ ಜನ ಸಾಲಾಗಿ ನಿಂತಿದಾರೆ ಕಣಮ್ಮ. ಒಂದು ಮೇಲ್ ಸಾಕು ಅವರಿಗೆ. ನೀನು ಓದೋ ಹುಡುಗಿ, ನಾಳೆ ವಿಮಾನ ಹತ್ತಿ ಹೋಗ್ತೀಯ. ಇಲ್ಲಿ ಕೂತಿರೋರು ಎಲ್ಲಿಗೆ ಹೋಗ್ಬೇಕು ಹೇಳು?"

"ಕೇಳೋದ್ರಲ್ಲಿ ಏನು ತಪ್ಪು ಬಾಸ್?"

"ನೀನೊಬ್ಬಳೇ ಕೇಳಿದ್ರೆ ತಪ್ಪಿಲ್ಲ. ನಮ್ಮೆಲ್ಲರ ಪರವಾಗಿ ಕೇಳಿದೀಯಲ್ಲ, ನಮ್ಮನ್ನ ಒಂದು ಮಾತು ಕೇಳಿದ್ಯಾ?"

ಝುರಿನಕ್ಕನಾದರೂ ಬೆನ್ನು ತಟ್ಟಿಯಾಳು ಎಂದು ಹೊರಗೆ ಬಂದರೆ ಅವಳೂ ಮುಖ ತಿರುಗಿಸಿದಳು. "ನಮ್ಮನೆ ಉಪ್ಪು ತಿಂದು ನಮ್ಮನೆ ಮಾತನ್ನ ಕೆನಡಾಕ್ಕೆ ಹಾಕಿದ್ಯಲ್ಲೇ," ಎಂದಳು. ಅಂದಿನಿಂದ ವೆನಿಂಗ್ ಮಾತುಕತೆಗಳಿಂದ ಹೊರಗುಳಿದಳು. ಸೊಲಾಂಜ್‌ಳಿಂದ ಯಾವ ಸುದ್ದಿಯೂ ಬರಲಿಲ್ಲ. ವಾರಗಟ್ಟಲೆ ಅವಳು ಕಲ್ಲು ಮಾಡಿದಳು, ಒಬ್ಬಳೇ ಊಟ ಮಾಡಿದಳು, ಬಾಡಿಗೆ ಕೋಣೆಗೆ ಹೋಗುವ ರೈಲಿನಲ್ಲಿ ಅಪ್ಪನಿಗೆ "ಎಲ್ಲ ಚೆನ್ನಾಗಿದೆ" ಎಂದು ಸಂದೇಶ ಹಾಕಿದಳು.

ಅಷ್ಟರಲ್ಲಿ ದೀಪಸ್ತಂಭ ಬಂತು.

ಬೇಸಿಗೆಯ ದೊಡ್ಡ ಪ್ರದರ್ಶನದಲ್ಲಿ ಗೇಮನ್ನು ಮೊದಲ ಬಾರಿಗೆ ಜಗತ್ತಿಗೆ ತೋರಿಸಬೇಕು, ಮಾಂಟ್ರಿಯಲ್‌ನವರ ಕೈಯಲ್ಲಿ ಜನ ಸಾಲದು. ಮೊದಲ ದೃಶ್ಯವನ್ನು ಪೂರ್ತಿಯಾಗಿ ಇವರಿಗೇ ವಹಿಸಿದರು. ಬಂದದ್ದು ಒಂದೇ ಚಿತ್ರ: ಹಡಗುಗಳಿಗೆ ಬೆಳಕು ತೋರಿಸುವ ಎತ್ತರದ ದೀಪಸ್ತಂಭ ಅಡ್ಡಬಿದ್ದು ಅರ್ಧ ಸಮುದ್ರದಲ್ಲಿದೆ, ಬದುಕುಳಿದ ಜನ ಅದರೊಳಗೆ ಸಂಸಾರ ಹೂಡಿದ್ದಾರೆ. ಉಳಿದದ್ದೆಲ್ಲ ನಿಮಗೆ ತೋಚಿದಂತೆ ಮಾಡಿ ಎಂದಿದ್ದರು. ಹಾಗೆಂದು ಅವರು ಹಿಂದೆಂದೂ ಹೇಳಿರಲಿಲ್ಲ.

ಝುರಿನಾ ಆ ಚಿತ್ರದ ಮುಂದೆ ಬಹಳ ಹೊತ್ತು ಕೂತಳು. ಕೊನೆಗೆ ಕುರ್ಚಿ ತಿರುಗಿಸಿ, ಎಷ್ಟೋ ದಿನದ ಮೇಲೆ, "ವೆನಿಂಗ್, ಬಾ ಇಲ್ಲಿ," ಎಂದು ಕರೆದಳು.

"ಗೋಪುರ ಮಲಗಿದ್ರೆ ಒಳಗಿನ ಮೆಟ್ಟಿಲು ಏನಾಗುತ್ತೆ?"

ವೆನಿಂಗ್ ಯೋಚಿಸಿದಳು. "ಸುರುಳಿ ಮೆಟ್ಟಿಲು ಅಲ್ವಾ ಅಕ್ಕ? ಗೋಡೆ ಸುತ್ತಾ ಹೋಗಿರುತ್ತೆ. ಕೆಳಗೆ ಬಂದ ಭಾಗ ನಡೆಯೋಕೆ ಆಗುತ್ತೆ. ಮೇಲಿನ ಭಾಗ ತಲೆ ಮೇಲೆ ಅಟ್ಟದ ಹಾಗೆ ನಿಲ್ಲುತ್ತೆ."

"ಅಟ್ಟದ ಮೇಲೆ ಏನಿಡ್ತಾರೆ?"

"ಮೀನು ಒಣಗಿಸ್ತಾರೆ. ಬುಟ್ಟಿ. ಮಕ್ಕಳನ್ನ ಮಲಗಿಸ್ತಾರೆ. ನೀರು ಉಕ್ಕಿದ್ರೂ ಅಲ್ಲಿಗೆ ಬರಲ್ಲ."

"ಹೂಂ," ಎಂದಳು ಝುರಿನಾ. ಅವಳ ಕೈ ಆಗಲೇ ಓಡತೊಡಗಿತ್ತು. "ಇಡೀ ಗೋಪುರ ಯಾವುದರ ಮೇಲೆ ನಿಂತಿದೆ ಅನ್ನೋದು ನಿನ್ನ ಕೆಲಸ. ಅಷ್ಟು ಭಾರ ಹೊರೋ ಬಂಡೆ ನಂಗೆ ಬೇಕು. ನೋಡಿದವರಿಗೆ ಇದು ಬೀಳಲ್ಲ ಅಂತ ಧೈರ್ಯ ಬರ್ಬೇಕು."

ಆ ವಾರಗಳನ್ನು ವೆನಿಂಗ್ ಮರೆಯುವುದಿಲ್ಲ. ಸ್ಟುಡಿಯೋ ಅಷ್ಟು ಗಲಾಟೆಯಿಂದ, ಅಷ್ಟು ಖುಷಿಯಿಂದ ಇದ್ದದ್ದನ್ನು ಅವಳು ಕಂಡಿರಲಿಲ್ಲ. ಸೆಂಗಣ್ಣ ಗೋಪುರವನ್ನು ಬಂಡೆಗೆ ಬಿಗಿದ ಹಗ್ಗಗಳನ್ನು ಹೊಸೆದ. ಒಂದೊಂದು ಗಂಟನ್ನೂ ಬೇರೆ ಬೇರೆ ಮಾಡಿ, "ಇದು ಅವಸರದಲ್ಲಿ ಕಟ್ಟಿದ್ದು, ಇದು ಮುದುಕ ಕಟ್ಟಿದ್ದು, ಇದು ಹೆಂಡತಿ ಹತ್ರ ಬೈಸ್ಕೊಂಡು ಬಂದವನು ಕಟ್ಟಿದ್ದು," ಎಂದು ಎಲ್ಲರನ್ನೂ ಕರೆಕರೆದು ತೋರಿಸಿದ. ವೆನಿಂಗ್ ಬಂಡೆಯ ಮೈಯಲ್ಲಿ ಜನ ನಡೆದು ಸವೆದ ದಾರಿ ತೆಗೆದಳು, ಬುಡದಲ್ಲಿ ಅಲೆ ಕೊರೆದ ಗುಹೆ ತೆಗೆದಳು. ಝುರಿನಾ ಗೋಪುರದ ತುದಿಯಲ್ಲಿ, ಹಿಂದೆ ದೀಪ ಉರಿಯುತ್ತಿದ್ದ ಗಾಜಿನ ಕೋಣೆಯಲ್ಲಿ, ಒಂದು ಸಂತೆಯನ್ನೇ ನೆರೆಸಿದಳು. ಒಡೆದ ಗಾಜಿನ ಮೂಲಕ ಬಿಸಿಲು ಬಿದ್ದು ತರಕಾರಿ ಬುಟ್ಟಿಗಳೆಲ್ಲ ಬಣ್ಣ ಬಣ್ಣವಾಗಿ ಹೊಳೆಯುತ್ತಿದ್ದವು. ದೇವರಾಜನ್ ದಿನಕ್ಕೆ ಹತ್ತು ಸಲ ಬಂದು ಹಿಂದೆ ನಿಂತು ನೋಡಿ, ತಲೆ ಕೆರೆದುಕೊಂಡು ಹೋಗುತ್ತಿದ್ದ.

ಅದನ್ನು ಮೊದಲು ಕಂಡ ದಿನ ಸೊಲಾಂಜ್ ಕೆಂಪು ಗೆರೆ ಎಳೆಯಲಿಲ್ಲ. "ಇನ್ನೊಮ್ಮೆ ತೋರಿಸಿ," ಎಂದಳು. ತೋರಿಸಿದರು. "ಇನ್ನೊಮ್ಮೆ," ಎಂದಳು.

ಪ್ರದರ್ಶನದಲ್ಲಿ ಪರದೆ ಏಳುತ್ತಿದ್ದಂತೆ ಜಗತ್ತು ಮೊದಲು ಕಂಡದ್ದು ಆ ಮಲಗಿದ ದೀಪಸ್ತಂಭವನ್ನು. ಮಾರನೆಯ ದಿನಕ್ಕೆ ಅದು ಎಲ್ಲರ ಫೋನಿನಲ್ಲಿತ್ತು. ಯಾರೋ ಬ್ರೆಜಿಲ್‌ನವನು ಅದರ ಚಿತ್ರವನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಯಾರು ಮಾಡಿದ್ದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಸೆಂಗಣ್ಣ ಕೆಳಗಿನ ಅಂಗಡಿಯಲ್ಲಿ ಪಕ್ಕದ ಮೇಜಿನ ಹುಡುಗರು ತನ್ನ ಗಂಟುಗಳ ಬಗ್ಗೆ ವಾದ ಮಾಡುವುದನ್ನು ಕೇಳುತ್ತಾ ನೂಡಲ್ಸ್ ತಿಂದು ಬಂದ. "ಎದ್ದು ಹೋಗಿ ಹೇಳಿಬಿಡೋಣ ಅನ್ನಿಸ್ತು. ನಾಲಿಗೆ ಕಚ್ಕೊಂಡು ಕೂತೆ," ಎಂದ. ಅವನು ತಮಾಷೆಯಿಲ್ಲದೆ ಮಾತಾಡಿದ್ದನ್ನು ವೆನಿಂಗ್ ಅಂದೇ ಮೊದಲ ಸಲ ಕೇಳಿದ್ದು.

ಮುಂದಿನ ಮಾತುಕತೆಗೆ ದೇವರಾಜನ್ ಎಲ್ಲರನ್ನೂ ಕೂರಿಸಿದ. ವೆನಿಂಗ್‌ಳನ್ನೂ.

ಸೊಲಾಂಜ್ ಮುಖ ಅರಳಿತ್ತು. "ಮುಂದಿನ ಗೇಮಿಗೂ ನೀವೇ ಬೇಕು," ಎಂದಳು. "ಆದರೆ ಒಂದು ಷರತ್ತು. ಗಾಜಿನ ಕೋಣೆಯ ಸಂತೆ ಮಾಡಿದ ಕೈ ನನಗೆ ಬೇಕೇ ಬೇಕು. ಒಪ್ಪಂದದಲ್ಲೇ ಬರೆಸುತ್ತೇನೆ. ಅದು ಯಾರು?"

"ನಮ್ಮ ತಂಡ," ಎಂದ ದೇವರಾಜನ್, ರೂಢಿಯಂತೆ.

"ತಂಡ ಅಂತ ಬರೆಸೋಕೆ ಆಗಲ್ಲ. ಹೆಸರು ಬೇಕು."

ವೆನಿಂಗ್ ಈ ಸಲ ಬಾಯಿ ಬಿಡಲಿಲ್ಲ. ಝುರಿನಕ್ಕನನ್ನೇ ನೋಡಿದಳು. ಝುರಿನಾ ತಲೆವಸ್ತ್ರದ ಅಂಚು ಸರಿಮಾಡಿಕೊಂಡು ಮೈಕು ತೆರೆದಳು.

"ನನ್ನ ಹೆಸರು ಝುರಿನಾ ಬಿಂತಿ ಕಮರುದ್ದೀನ್. ನಾವಿಬ್ಬರೂ ವರ್ಷಗಳಿಂದ ಪ್ರತಿ ವಾರ ಮಾತಾಡ್ತಿದೀವಿ ಸೊಲಾಂಜ್. ಇದಕ್ಕೂ ಮೊದಲಿನ ನಿಮ್ಮ ಮೂರು ಗೇಮಿಗೆ ನಾನು ಕೆಲಸ ಮಾಡಿದೀನಿ. ಹುಡುಕಿದ್ರೆ ಸಿಗಲ್ಲ, ನನ್ನ ಹೆಸರು ಎಲ್ಲೂ ಇಲ್ಲ. ಆ ಗೋಪುರ ಬೀಳದ ಹಾಗೆ ಹೊತ್ತಿರೋ ಬಂಡೆ ವೆನಿಂಗ್‌ದು. ಹಗ್ಗ ಎಲ್ಲ ಓಂಗ್ ಕಾ ಸೆಂಗ್‌ದು." ಹಾಗೇ ಒಬ್ಬೊಬ್ಬರನ್ನೇ ನೋಡುತ್ತಾ ಕೋಣೆಯಲ್ಲಿದ್ದ ಎಲ್ಲರ ಹೆಸರು, ಅವರವರು ಮಾಡಿದ್ದು ಏನೆಂದು ಹೇಳುತ್ತಾ ಹೋದಳು. ಎಲ್ಲೂ ತಡವರಿಸಲಿಲ್ಲ. "ಕೈ ಬೇಕು ಅಂದ್ರಿ. ಕೈಗೆ ಹೆಸರಿದೆ. ಹೆಸರು ಹಾಕೋದಾದ್ರೆ ಕೈ ಬರುತ್ತೆ."

ಸೊಲಾಂಜ್ ಏನಾದರೂ ಹೇಳುವ ಮೊದಲೇ ದೇವರಾಜನ್ ಮುಂದಕ್ಕೆ ಬಾಗಿದ. ಈಗ ಮಾತು ತೇಲಿಸಿ ಎಲ್ಲ ಕೆಡಿಸುತ್ತಾನೆ ಎಂದು ವೆನಿಂಗ್ ಅಂದುಕೊಂಡಳು.

"ಮುಂದಿನ ಗೇಮಿನ ಮಾತು ಆಮೇಲೆ," ಎಂದ ಅವನು. "ಮೊದಲು ಈ ಗೇಮು. ಇದರ ಕೊನೆಯಲ್ಲಿ ನಮ್ಮವರ ಹೆಸರೆಲ್ಲ ಬರಬೇಕು. ಅದು ಆದ ಮೇಲೆ ಹೊಸ ಒಪ್ಪಂದ ಕಳಿಸಿ, ಸಹಿ ಹಾಕ್ತೀನಿ. ಅದಕ್ಕೆ ಮೊದಲು ಹಾಕಲ್ಲ."

ಸೊಲಾಂಜ್ ಕನ್ನಡಕ ತೆಗೆದು ಕೆಳಗಿಟ್ಟಳು. "ಮಾರ್ಚಿನಲ್ಲಿ ಆ ಹುಡುಗಿ ಕೇಳಿದಾಗಲೇ ಮೇಲಿನವರ ಹತ್ತಿರ ಹೋಗಿದ್ದೆ," ಎಂದಳು. "ಒಪ್ಪಂದದಲ್ಲಿ ಇಲ್ಲ ಅಂದರು. ನಿಮಗೆ ಹೇಳಲು ನಾಚಿಕೆಯಾಗಿ ಸುಮ್ಮನಾದೆ. ಈಗ ಮತ್ತೆ ಹೋಗುತ್ತೇನೆ. ಈಗ ಅವರಿಗೆ ನೀವು ಬೇಕು."

ಪರದೆ ಆರಿದ ಮೇಲೆ ಸೆಂಗಣ್ಣ ಮೊದಲು ಬಾಯಿ ಬಿಟ್ಟ. "ಬಾಸ್, ವಿಯೆಟ್ನಾಂನವರು ಸಾಲಾಗಿ ನಿಂತಿದಾರೆ ಅಂತಿದ್ರಿ?"

"ನಿಲ್ಲಲಿ," ಎಂದ ದೇವರಾಜನ್. ಅವನ ಅಂಗಿಯ ಬೆನ್ನೆಲ್ಲ ಒದ್ದೆಯಾಗಿತ್ತು. "ಅವರಿಗೂ ಹೆಸರಿದೆಯಲ್ಲ, ಅವರೂ ಕೇಳಲಿ."

ಝುರಿನಾ ಎದ್ದು ಬಂದು ವೆನಿಂಗ್‌ಳ ತಲೆಗೊಂದು ಮೆಲ್ಲಗೆ ಮೊಟಕಿದಳು. "ಕೇಳದೆ ನನ್ನ ಪರವಾಗಿ ಮಾತಾಡಿದ್ದಕ್ಕೆ ಇದು," ಎಂದಳು. ಆಮೇಲೆ ಅವಳನ್ನು ಬಲವಾಗಿ ಅಪ್ಪಿಕೊಂಡಳು.

ಒಪ್ಪಿಗೆ ಬರಲು ಮಳೆಗಾಲದವರೆಗೆ ಕಾಯಬೇಕಾಯಿತು, ಆದರೆ ಬಂತು. ಕಾಲೇಜಿನವರು ವೆನಿಂಗ್‌ಳ ಅವಧಿಯನ್ನು ವರ್ಷದ ಕೊನೆಯವರೆಗೆ ವಿಸ್ತರಿಸಿಕೊಟ್ಟರು. ಮಾಂಟ್ರಿಯಲ್‌ನಿಂದ ಯಾರೋ ಗುಮಾಸ್ತ ಅವಳ ಮನೆತನದ ಹೆಸರು ಬಿಟ್ಟುಹೋಗಿದೆ, ತುಂಬಿ ಕಳಿಸಿ ಎಂದು ಕೇಳಿದ. ಜಾವಾದಲ್ಲಿ ಒಂದೇ ಹೆಸರಿನವರು ಬೇಕಾದಷ್ಟು ಜನ ಇರುತ್ತಾರೆ ಎಂದು ಬರೆದರೂ ಒಪ್ಪದೆ, ಖಾಲಿ ಬಿಡುವಂತಿಲ್ಲ ಎಂದ. ಸೆಂಗಣ್ಣ "ವೆನಿಂಗ್ ಬಂಡೆ ಅಂತ ಹಾಕ್ಸು" ಎಂದು ಸಲಹೆ ಕೊಟ್ಟ. ಕೊನೆಗೆ ಸೊಲಾಂಜ್ ನಡುವೆ ಬಂದು ಗುಮಾಸ್ತನ ಬಾಯಿ ಮುಚ್ಚಿಸಿದಳು.

ನವೆಂಬರಿನಲ್ಲಿ ಗೇಮು ಬಿಡುಗಡೆಯಾದ ದಿನ ಊಟದ ಹೊತ್ತಿಗೆ ಎಲ್ಲರೂ ಸಭೆಯ ಕೋಣೆಯಲ್ಲಿ ಸೇರಿದರು. ಕೂರಲು ಜಾಗ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತರು. ಗೇಮನ್ನು ಗೆದ್ದೇ ಹೆಸರು ನೋಡಬೇಕೆಂದಿರಲಿಲ್ಲ, ಮೊದಲ ಪುಟದಲ್ಲೇ ಅದಕ್ಕೊಂದು ಗುಂಡಿ ಇತ್ತು. ಸೆಂಗಣ್ಣ ಅದನ್ನು ಒತ್ತಿದ. ಮಾಂಟ್ರಿಯಲ್‌ನ ಹೆಸರುಗಳು ಹೋದವು, ಹೋಗುತ್ತಲೇ ಇದ್ದವು. ದೇವರಾಜನ್ ಇನ್ನು ಬರುವುದಿಲ್ಲವೇನೋ ಎಂಬಂತೆ ಕಾಲು ಕುಣಿಸತೊಡಗಿದ.

ಆಮೇಲೆ ಕೌಲಾಲಂಪುರ ಎಂಬ ಹೆಸರು ಮೇಲೇರಿ ಬಂತು. ಅದರ ಕೆಳಗೆ ಮೊದಲನೆಯದಾಗಿ ಝುರಿನಾ ಬಿಂತಿ ಕಮರುದ್ದೀನ್. ಯಾರೋ ಶಿಳ್ಳೆ ಹಾಕಿದರು. ಓಂಗ್ ಕಾ ಸೆಂಗ್ ಬಂದಾಗ ಸೆಂಗಣ್ಣ ಎದ್ದು ಪರದೆಗೆ ಬಾಗಿ ನಮಸ್ಕರಿಸಿದ. ಒಬ್ಬೊಬ್ಬರ ಹೆಸರಿಗೂ ಕೋಣೆ ಚಪ್ಪಾಳೆ ಹೊಡೆಯಿತು. ಕೊನೆಯ ಸಾಲುಗಳಲ್ಲಿ, ಎರಡೂ ಬದಿಗೆ ಖಾಲಿ ಜಾಗ ಬಿಟ್ಟುಕೊಂಡು, ವೆನಿಂಗ್ ಎಂಬ ಒಂಟಿ ಹೆಸರು ನಿಧಾನವಾಗಿ ಮೇಲೇರಿತು. ಅವಳು ಫೋಟೋ ತೆಗೆಯಬೇಕೆಂದು ಫೋನು ಹಿಡಿದೇ ಕೂತಿದ್ದಳು. ತೆಗೆಯುವುದನ್ನು ಮರೆತಳು.

ಝುರಿನಾ ಅಳಬಹುದೆಂದು ಎಲ್ಲರೂ ಓರೆಗಣ್ಣಿನಿಂದ ನೋಡುತ್ತಿದ್ದರು. ಅವಳು ನಗುತ್ತಿದ್ದಳು, ಭುಜ ಕುಣಿಯುವಷ್ಟು. ಅವಳ ಫೋನಿಗೆ ಅಲ್ಯಾಳ ಸಂದೇಶ ಬಂದಿತ್ತು: ಅಮ್ಮಾ ನೋಡಿದೆ, ಸ್ಪೆಲ್ಲಿಂಗ್ ಸರಿಯಾಗಿದೆ.

"ಸೆಂಗ್, ಹಿಂದಕ್ಕೆ ತಗೋ. ಇನ್ನೊಂದು ಸಲ ನೋಡೋಣ."

"ಹಿಂದಕ್ಕೆ ಹೋಗಲ್ಲ ಅಕ್ಕ. ಬೇಕಂದ್ರೆ ಮೊದಲಿಂದ ಹಾಕ್ಬೇಕು. ಅವರದ್ದೆಲ್ಲ ಮತ್ತೆ ನೋಡ್ಬೇಕಾಗುತ್ತೆ."

ದೇವರಾಜನ್ ಗಡಿಯಾರ ನೋಡಿಕೊಂಡ. ಊಟದ ಹೊತ್ತು ಮುಗಿದಿತ್ತು. ಯಾರೂ ಏಳಲಿಲ್ಲ.

"ನೋಡೋಣ ಬಿಡು. ಅವರೂ ಕೆಲಸ ಮಾಡಿದಾರೆ ಪಾಪ," ಎಂದಳು ಝುರಿನಾ. ಸೆಂಗಣ್ಣ ಮತ್ತೆ ಗುಂಡಿ ಒತ್ತಿದ. ನಿಂತಿದ್ದವರೂ ಈ ಸಲ ನೆಲದ ಮೇಲೆ ಜಾಗ ಮಾಡಿಕೊಂಡು ಕೂತರು.